ಹಾಡಿನ ಪಂಥ

ನಾನೂ ನನ್ನ ಹೆಂಡತಿಯೂ ಬೇರೆಯಾದ ಮೇಲೆ ಮಗಳು ಅವಳಮ್ಮನ ಜೊತೆ ಹೋದಳು. ಅವತ್ತೇ ನನಗೆ ನಾನೇ ಪಂಥ ಕಟ್ಟಿಕೊಂಡೆ: ದಿನಕ್ಕೊಂದು ಹಾಡು ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಅವಳಿಗೆ ಕಳಿಸಬೇಕು. ಬೇಕರಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಗಂಟಲೆಲ್ಲ ಮೈದಾ ಧೂಳು. ಆದರೂ ಫೋನನ್ನು ಅಡುಗೆಮನೆಯ ಡಬ್ಬಿಗೆ ಒರಗಿಸಿಟ್ಟು ಹಾಡುತ್ತಿದ್ದೆ. ಮನೆಯಲ್ಲಿ ಅಡ್ಡ ಬರುವಂಥ ಬೇರೆ ಸದ್ದೇನೂ ಇರಲಿಲ್ಲ. ಅವಳ ಕಡೆಯಿಂದ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು, ಅಷ್ಟೇ.

ಭಾನುವಾರ ಅವಳಮ್ಮ ಫೋನ್ ಮಾಡಿದಳು.

"ಬೇಜಾರಾದ್ರೂ ಹೇಳ್ಬಿಡ್ತೀನಿ. ಸುಮ್ನೆ ಯಾಕೆ ಗಂಟಲು ಹರ್ಕೋತೀರಿ? ಅವಳು ನಿಮ್ಮ ಹಾಡು ಕೇಳೋದೇ ಇಲ್ಲ. ಬೆರಳಲ್ಲಿ ಮುಂದಕ್ಕೆ ಓಡಿಸಿಬಿಡ್ತಾಳೆ."

"ಅವಳ ಕೈಗೆ ಕೊಡು," ಎಂದೆ.

ಮಗಳು ಬಂದಳು.

"ಹಾಡು ಕೇಳಲ್ವಂತೆ?"

"ಇಲ್ಲಪ್ಪ."

"ಅಷ್ಟು ಕೆಟ್ಟದಾಗಿ ಹಾಡ್ತೀನಾ?"

"ಹೂಂ. ಅಜ್ಜಿ ಗೊರಕೇನೇ ವಾಸಿ."

"ಸರಿ ಬಿಡು. ನಾಳೆಯಿಂದ ಕಳಿಸಲ್ಲ."

"ಹಾಗನ್ಬೇಡಪ್ಪ, ಕಳಿಸು." ಅವಳ ದನಿ ಸಣ್ಣದಾಯಿತು. "ಹಾಡು ಮುಗಿದ್ಮೇಲೆ ನೀನು ಆಫ್ ಮಾಡೋದೇ ಮರ್ತುಬಿಡ್ತೀಯ. ಆಮೇಲೆ ತಟ್ಟೆ ಇಟ್ಟು, 'ಬಾ ಕೂಸೇ, ಊಟಕ್ಕೆ' ಅಂತ ಕರೀತೀಯಲ್ಲ? ದಿನಾ ನಾನು ಇಲ್ಲಿಂದ 'ಬಂದೆ' ಅಂತೀನಿ."