ತಟ್ಟಿ ನೋಡಿದ ರಿಕಾರ್ಡು

ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಯಾರಾದರೂ ಸುತ್ತಿಗೆಯಿಂದ ತಟ್ಟಿದರೆ ಇಂದಿಗೂ ನಾನು ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತೇನೆ.

ಆಗ ಶಹಾಬಾದದಲ್ಲಿ ನಿಜಾಮರ ಆಡಳಿತ. ನನಗೆ ಒಂಬತ್ತು ವರ್ಷ, ವಾದದಲ್ಲಿ ಯಾರಿಗೂ ಸೋಲದ ಹುಡುಗಿ. ಅಪ್ಪನದು ಫರಸಿ ಕಲ್ಲಿನ ವ್ಯಾಪಾರ. ಆ ಮಧ್ಯಾಹ್ನ ಅಪ್ಪನ ತಂಗಿ, ನನ್ನ ಅತ್ತೆ, ಗಂಡ ತೀರಿದ ಮೇಲೆ ಮೊದಲ ಸಲ ಚಿತ್ತಾಪುರದಿಂದ ಬಂದಿದ್ದಳು. ಹಳೆಯ ಸೀರೆಯಲ್ಲಿ ಸುತ್ತಿ ಒಂದೇ ಒಂದು ರಿಕಾರ್ಡು ತಂದಿದ್ದಳು.

"ಅವರಿಗೆ ಭಾಳ ಸೇರತಿತ್ತು. ನಮ್ಮ ಹಾಡಿನ ಪೆಟಗಿ ಮಾರೀನಿ, ನಿಮ್ಮದರ ಮ್ಯಾಲ ಒಮ್ಮೆ ಕೇಳೂಣಂತ ತಂದೀನಿ," ಅಂದಳು.

ಅಪ್ಪ ಗ್ರಾಮಫೋನಿಗೆ ಕೀಲಿ ಕೊಟ್ಟ. ಹಾಡಿಗಿಂತ ಕರಕರ ಸದ್ದೇ ಹೆಚ್ಚಾಗಿತ್ತು.

"ರಿಕಾರ್ಡು ಒಳಗ ಸೀಳ್ಯಾದ," ಅಂದೆ ನಾನು.

"ಇಲ್ಲವ್ವಾ, ನಮ್ಮನ್ಯಾಗ ಗಂಟಿ ಹೊಡದಂಗ ಕೇಳತಿತ್ತು."

"ಅದಕ್ಕ ಸಾಕ್ಷಿ ಏನದ? ತಟ್ಟಿ ನೋಡೂಣು!"

ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಸೀಳಿದ ಕಲ್ಲು ಬದ್ ಎನ್ನುತ್ತದೆ. ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿದ್ದ ಪರೀಕ್ಷೆ ಅದು. ಅಪ್ಪನ ಸಣ್ಣ ಸುತ್ತಿಗೆ ಎತ್ತಿಕೊಂಡು ಬಂದೆ. ಅತ್ತೆ "ಅದು ಕಲ್ಲಲ್ಲವ್ವಾ" ಅನ್ನುವಷ್ಟರಲ್ಲಿ ತಟ್ಟಿಯೂ ಬಿಟ್ಟೆ. ಬದ್ ಎಂದಿತು.

"ಈಗರ ಕೇಳಿಸ್ತಾ?" ಎಂದು ಇನ್ನೊಮ್ಮೆ ತಟ್ಟಿದೆ. ರಿಕಾರ್ಡು ಎರಡು ಹೋಳಾಯಿತು.

"ನೀನೇ ಗೆದ್ದಿ ಬಿಡವ್ವಾ," ಎಂದು ಅತ್ತೆ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಅಪ್ಪ ನಮ್ಮದೇ ಹೊಸ ರಿಕಾರ್ಡು ಹಚ್ಚಿದ. ಅದೂ ಹಾಗೆಯೇ ಕರಕರ ಎಂದಿತು.

ಅತ್ತೆ ನನ್ನ ಕಡೆ ನೋಡಲಿಲ್ಲ. "ಸೂಜಿ ಬದಲ್ ಮಾಡಣ್ಣಾ," ಅಂದಳು, "ಸವದದ."