ಮುಟ್ಟಿ ನೋಡಿದವರ ಹೆಬ್ಬೆಟ್ಟು

“ಮುಟ್ಟು ರಾಮಕೃಷ್ಣಪ್ಪ, ಎದರ್ಕೋಬೇಡ. ಕಚ್ಚಲ್ಲ,” ಎನ್ನುತ್ತ ಲಕ್ಕಣ್ಣ ಅಂಗಿಯ ಗುಂಡಿ ಬಿಚ್ಚಿ, ಎಡಭುಜದ ಕೆಳಗೆ ಅಂಟಿಸಿದ್ದ ಬ್ಯಾಂಡೇಜಿನ ತುದಿಯನ್ನು ಎತ್ತಿ ಹಿಡಿದ. ಚರ್ಮದಡಿ ಬೆಂಕಿಪೊಟ್ಟಣದಂಥ ಉಬ್ಬು. ಎದೆಬಡಿತ ತಪ್ಪದಂತೆ ಕಾಯುವ ಪೇಸ್‌ಮೇಕರ್ ಅದು. ಹೆಬ್ಬಾಳದ ಆಸ್ಪತ್ರೆಯಲ್ಲಿ ಅದನ್ನು ಹಾಕಿಸಿಕೊಂಡು ಕೊಡಿಗೇಹಳ್ಳಿಯ ಮನೆಗೆ ಮರಳಿದಾಗಿನಿಂದ, ನೋಡಲು ಬಂದವರಿಗೆಲ್ಲ ಹೊಸದಾಗಿ ಕೊರೆಸಿದ ಬೋರ್‌ವೆಲ್ ತೋರಿಸುವ ಗತ್ತಿನಲ್ಲಿ ಅವನು ಎದೆ ತೋರಿಸುತ್ತಿದ್ದ.

ದಾಯಾದಿ ರಾಮಕೃಷ್ಣಪ್ಪ ಹಸುವಿಗೆ ಬೂಸಾ ಕಲಸಿಟ್ಟು ನೇರವಾಗಿ ಬಂದಿದ್ದ. ಅದೇ ಹೆಬ್ಬೆರಳಿನಿಂದ ಉಬ್ಬನ್ನು ಒತ್ತಿದ. “ಅಯ್ಯಯ್ಯೋ, ಅಳ್ಳಾಡ್ತೈತಲ್ಲೋ ಇದು!”

“ಮಾವಾ!” ಎಂದು ಅಡುಗೆಮನೆಯಿಂದ ಓಡಿ ಬಂದಳು ಸೊಸೆ ನಾಗಲಕ್ಷ್ಮಿ. ಯಲಹಂಕದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು. “ಗಾಯ ಇನ್ನೂ ಕೂಡಿಲ್ಲ. ಅಲ್ಲಿ ಸೋಂಕಾದ್ರೆ ಮೆಷಿನ್ನು, ವೈರು ಎಲ್ಲಾ ಕಿತ್ತು ತೆಗೀಬೇಕಾಗುತ್ತೆ ಅಂತ ಡಾಕ್ಟ್ರು ಹೇಳಿಲ್ವಾ?”

“ಎಲ್ಲಾ ನಮ್ ನೆಂಟ್ರೇ ಮುಟ್ಟೋದು. ನೆಂಟ್ರಿಂದ ಎಂಥ ಸೋಂಕಮ್ಮ?” ಎಂದ ಲಕ್ಕಣ್ಣ.

ವಾದ ಮಾಡಿ ಮಾಡಿ ನಾಗಲಕ್ಷ್ಮಿಗೂ ಸಾಕಾಗಿತ್ತು. ಮರುದಿನ ಕಾಲೇಜಿನಿಂದ ಬರುವಾಗ ಪ್ಲಾಸ್ಟಿಕ್ಕಿನ ಪುಟ್ಟ ತಟ್ಟೆಗಳನ್ನು ತಂದಳು. ತಟ್ಟೆಗಳಲ್ಲಿ ತಿಳಿಹಳದಿ ಜೆಲ್ಲಿ ಹೆಪ್ಪುಗಟ್ಟಿತ್ತು. ಅಷ್ಟರಲ್ಲಿ ರಾಮಕೃಷ್ಣಪ್ಪ ಮತ್ತೆ ಬಂದು ಕುಳಿತಿದ್ದ. ಜೊತೆಗೆ ತನ್ನ ಬೀಗರನ್ನೂ ಕರೆತಂದಿದ್ದ. ಪಾಪ, ಅವರಿನ್ನೂ ಮುಟ್ಟಿರಲಿಲ್ಲ.

“ಚಿಕ್ಕಮಾವ, ಮುಟ್ಟೋಕೆ ಮುಂಚೆ ಇಲ್ಲೊಂದು ಹೆಬ್ಬೆಟ್ಟು ಒತ್ಬಿಡಿ,” ಎಂದು ಒಂದು ತಟ್ಟೆಯ ಮುಚ್ಚಳ ತೆಗೆದಳು.

“ಯಾಕಮ್ಮ, ನಿಮ್ಮಾವ ಸೈಟ್ ಏನಾರ ಬರ್ಕೊಡ್ತಾವ್ನಾ?”

“ಮುಟ್ಟಿದೋರು ಯಾರ್ಯಾರು ಅಂತ ಗುರುತು ಇರ್ಲಿ ಅಂತ.”

ಅರ್ಧ ಆಯುಷ್ಯವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಳೆದ ಹೆಬ್ಬೆರಳು ಅದು. ಹದವಾಗಿ, ಒಂದಿಷ್ಟೂ ಜಾರದೆ ಒತ್ತಿತು. “ಮಸಿನೇ ಇಲ್ವಲ್ಲಮ್ಮ!”

“ಮಸಿ ಬೇಡ. ಗುರುತು ತಾನಾಗೇ ಮೂಡುತ್ತೆ.”

ಬೀಗರೂ ಒತ್ತಿದರು. ಮೂರನೆಯ ತಟ್ಟೆ ತನ್ನ ಮುಂದೆ ಬಂದಾಗ ಲಕ್ಕಣ್ಣ ಮುಖ ಗಂಟಿಕ್ಕಿದ. “ಮೆಷಿನ್ನೇ ನಂದು. ನಾನೂ ಒತ್ಬೇಕಾ?”

“ಮಾಲೀಕರ ಹೆಬ್ಬೆಟ್ಟು ಇಲ್ದೆ ಯಾವ ರಿಜಿಸ್ಟ್ರೇಷನ್ ಆಗುತ್ತೆ ಮಾವ?”

ಆ ಮಾತಿಗೆ ಎದುರು ಹೇಳುವ ಗಂಡಸು ಕೊಡಿಗೇಹಳ್ಳಿಯಲ್ಲಿ ಯಾರಿದ್ದಾರೆ? ಲಕ್ಕಣ್ಣನೂ ಒತ್ತಿದ. ನೆಂಟರಿಬ್ಬರಿಗೂ ಸೋಪು ಕೊಟ್ಟು ನಲ್ಲಿಯ ಕಡೆ ಕಳಿಸಿದ ನಾಗಲಕ್ಷ್ಮಿ, ಅವರು ಕೈ ತೊಳೆದು ಬರುವಷ್ಟರಲ್ಲಿ ತಾನೂ ಕೈ ತೊಳೆದು ಬ್ಯಾಂಡೇಜು ಬದಲಿಸಿ, ಮಾವನ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಬಿಟ್ಟಿದ್ದಳು. “ಮೆಷಿನ್ ರೆಸ್ಟ್ ತಗೊಳ್ತಿದೆ. ಇನ್ನೊಂದಿನ ನೋಡೋರಂತೆ.”

ಕಾಲೇಜಿನ ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ತಟ್ಟೆಗಳು ಎರಡು ದಿನ ಕುಳಿತವು. ಆಮೇಲೆ ಮುಚ್ಚಳಗಳ ಸುತ್ತ ಬಿಗಿಯಾಗಿ ಟೇಪು ಸುತ್ತಿ, ಅವಳು ಅವನ್ನು ಮನೆಗೆ ತಂದು ಮಾವನ ಮುಂದೆ ಟೀಪಾಯಿಯ ಮೇಲೆ ಸಾಲಾಗಿ ಇಟ್ಟಳು. ಜೆಲ್ಲಿಯ ಮೇಲೆ ಹೆಬ್ಬೆಟ್ಟಿನ ಆಕಾರದಲ್ಲೇ ಬಿಳಿ, ಹಳದಿ ಚುಕ್ಕೆಗಳು ಎದ್ದಿದ್ದವು.

“ಏನಮ್ಮ ಇದು, ಬೂಷ್ಟು?”

“ಬ್ಯಾಕ್ಟೀರಿಯಾ ಮಾವ. ಹೆಬ್ಬೆಟ್ಟಲ್ಲಿದ್ದವು, ಜೆಲ್ಲಿ ತಿಂದು ಬೆಳೆದಿವೆ. ಒಂದೊಂದು ಚುಕ್ಕೆಯಲ್ಲೂ ಲಕ್ಷಗಟ್ಟಲೆ ಇದಾವೆ. ಚರ್ಮದ ಮೇಲಿದ್ರೆ ಹೆಚ್ಚಿನವು ಸಾಧು, ಯಾರ ತಂಟೆಗೂ ಹೋಗಲ್ಲ. ಗಾಯದಿಂದ ಒಳಗೆ ನುಗ್ಗಿ ಮೆಷಿನ್ ಮೇಲೆ ಕೂತ್ರೆ ಮಾತ್ರ ಕಷ್ಟ. ಅಲ್ಲೇ ಅಂಟ್ಕೊಂಡು, ಮೇಲೆ ಒಂದು ಲೋಳೆ ಹೊದ್ಕೊಂಡು ಬಿಡ್ತವೆ. ಆಮೇಲೆ ಎಂಥಾ ಇಂಜೆಕ್ಷನ್ ಕೊಟ್ರೂ ಜಗ್ಗಲ್ಲ.”

ಲಕ್ಕಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಈ ಕಥೆ ಅವನಿಗೆ ಗೊತ್ತಿದ್ದದ್ದೇ.

“ಒತ್ತುವರಿ!” ಎಂದ. “ಖಾಲಿ ಜಾಗ ಕಂಡ್ರೆ ಸಾಕು, ಬಂದು ಕೂತ್ಕೋತವೆ. ಒಂದ್ಸಲ ಶೆಡ್ ಆಕ್ಕೊಂಬುಟ್ರೆ ಮುಗೀತು. ಕೋರ್ಟಿಗೆ ಓದ್ರೂ ಎಬ್ಸಕ್ಕಾಗಲ್ಲ. ಸೈಟನ್ನೇ ಬುಟ್ಕೊಡ್ಬೇಕು.”

“ಇಲ್ಲಿ ಸೈಟು ಅಂದ್ರೆ ನಿಮ್ಮ ಮೆಷಿನ್ನು. ಅದರ ವೈರು ಹೃದಯದೊಳಕ್ಕೇ ಇಳಿದಿದೆ ಮಾವ.”

ಅಭ್ಯಾಸಬಲದಿಂದ ಎದೆಯತ್ತ ಹೊರಟ ಲಕ್ಕಣ್ಣನ ಕೈ ಅರ್ಧದಲ್ಲೇ ನಿಂತಿತು. ಮತ್ತೆ ತಟ್ಟೆಗಳ ಕಡೆ ತಿರುಗಿದ. ಒಂದರಲ್ಲಿ ಪರವಾಗಿಲ್ಲ ಎನ್ನುವಷ್ಟು ಬೆಳೆದಿತ್ತು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು. ಮೂರನೆಯದರಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲದಂತೆ ಹಳದಿ ಬಣ್ಣ ದಟ್ಟವಾಗಿ ಹಬ್ಬಿತ್ತು.

“ಇದ್ಯಾವನ್ದಮ್ಮ? ಅಬ್ಬಬ್ಬಾ! ಈ ನನ್ಮಗನ್ನ ಇನ್ಮ್ಯಾಕೆ ಗೇಟೊಳಕ್ಕೇ ಬಿಡ್ಬೇಡ!”

“ಅದು ನಿಮ್ದು ಮಾವ.”

ಲಕ್ಕಣ್ಣ ತಟ್ಟೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿ ನೋಡಿದ. ಮೆಲ್ಲಗೆ ಅವನ ಮುಖ ಅರಳಿತು.

“ಅಲ್ವೇ ಮತ್ತೆ! ಕೈಗುಣ ಅಂದ್ರೆ ನಂದೇ. ನಾನು ನೆಟ್ಟಿದ್ದು ಯಾವ್ದು ಬೆಳ್ದಿಲ್ಲ ಏಳು?” ಎಂದವನೇ ತಟ್ಟೆಯನ್ನು ಕೆಳಗಿಟ್ಟು, ಹೆಬ್ಬೆಟ್ಟು ಒತ್ತಿದ್ದ ಆ ಕೈಯನ್ನು ತೊಡೆಯಡಿ ತೂರಿಸಿ, ಅದರ ಮೇಲೆ ಭದ್ರವಾಗಿ ಕುಳಿತ.