ಹನ್ನೊಂದು ಹೂವಿನ ಹೊದಿಕೆ

"ಹನ್ನೊಂದೇ ಹೂವು ಬರ್ಬೇಕು, ಒಂದೂ ಹೆಚ್ಚಾಗ್ಬಾರ್ದು. ಆಗುತ್ತಾ ಅಂತ ಕೇಳು ಅದನ್ನ," ಎಂದರು ಅಕೈತಿ ಅಜ್ಜಿ, ಮೊಮ್ಮಗಳು ತೆರಿಯಾಪಿಯ ಕೈಯಲ್ಲಿದ್ದ ಫೋನಿನತ್ತ ಕತ್ತರಿ ತೋರಿಸಿ.

ಚಾಪೆಯ ಮೇಲೆ ಕೆಂಪು ಬಟ್ಟೆ ಎಂಟು ಪದರವಾಗಿ ಮಡಿಸಿಕೊಂಡು ಮೂರು ಮೂಲೆಯಾಗಿ ಕುಳಿತಿತ್ತು. ಮದುವೆಗೆ ಕೊಡುವ ತಿವೈವೈ ಹೊದಿಕೆಗೆ ಹೀಗೆ ಮಡಿಸಿ, ಒಂದೇ ಸಲಕ್ಕೆ ಕತ್ತರಿಸಿ, ಬಿಡಿಸಿದಾಗ ಅರಳುವ ಹೂಬಳ್ಳಿಯನ್ನು ಬಿಳಿ ಬಟ್ಟೆಯ ಮೇಲೆ ಹೊಲಿಯುವುದು ಪದ್ಧತಿ. ಅವರಿದ್ದ ಮೌಕೆ ದ್ವೀಪದಲ್ಲಿ ಹೀಗೆ ಕತ್ತರಿಸಬಲ್ಲ ಒಬ್ಬಳೇ ಹೆಂಗಸು ಕಣ್ಣಿನ ಆಪರೇಷನ್ನಿಗೆಂದು ಆಕ್ಲೆಂಡಿಗೆ ಹೋಗಿದ್ದಳು. ಅಜ್ಜಿ ಜೀವಮಾನವೆಲ್ಲ ಹೊಲಿದವರೇ ಹೊರತು ಕತ್ತರಿಸಿದವರಲ್ಲ. ಬಟ್ಟೆ ಹಾಳಾದರೆ ಇನ್ನೊಂದು ತರಲು ಹಡಗು ಬರಬೇಕು. ಹಡಗು ಬರುವುದು ಮದುವೆ ಮುಗಿದ ಮೇಲೆ.

ಹನ್ನೊಂದು ಮೊಮ್ಮಕ್ಕಳು, ತಲೆಗೊಂದು ಹೂವು. ಕೊನೆಯದು ಮದುಮಗಳು ತೆರಿಯಾಪಿಯದು. ಮದುಮಗ ಟುಟಾಯ್‌ಗೆ ಹೂವಿಲ್ಲ, ಏಕೆಂದರೆ ಅವನು ಪಕ್ಕದ ಆಟಿಯು ದ್ವೀಪದವನು. "ದೋಣಿ ತುಂಬ ದೊಣ್ಣೆ ತಂದು ನಮ್ಮೋರನ್ನ ಬಡಿದು ಹೋದ ಜನ," ಎನ್ನುತ್ತಿದ್ದರು ಅಜ್ಜಿ, ತಮ್ಮ ಅಜ್ಜಿಯ ಅಜ್ಜಿ ಕಂಡ ಕಾಲದ ಸಂಗತಿಯನ್ನು ಮೊನ್ನೆ ನಡೆದದ್ದೆಂಬಂತೆ. ತೆರಿಯಾಪಿ ಎದುರಾಡಿರಲಿಲ್ಲ. ತನಗೊಂದು ಹೂವೂ ಇಲ್ಲದ ಹೊದಿಕೆಯನ್ನು ಟುಟಾಯ್ ಹೇಗೆ ಹೊದ್ದಾನು ಎಂಬುದೊಂದನ್ನೇ ಒಳಗೊಳಗೆ ಮಗುಚಿ ಹಾಕುತ್ತಿದ್ದಳು.

ಕೇಳಿದ್ದೇ ತಡ, ಫೋನು ಉತ್ತರಿಸಿತು: "ಖಂಡಿತ ಸಾಧ್ಯ. ಮಡಿಕೆಯ ಮೇಲೆ ಒಂದೂವರೆ ಹೂವು ಬರೆದು ಕತ್ತರಿಸಿ. ಬಿಡಿಸಿದಾಗ ಹನ್ನೊಂದು ಹೂವುಗಳಿರುತ್ತವೆ."

"ನೋಡು, ಎಷ್ಟು ಮರ್ಯಾದೆಯಿಂದ ಹೇಳ್ತು," ಎಂದರು ಅಜ್ಜಿ.

"ಎಂಟು ಪದರಕ್ಕೆ ಹನ್ನೊಂದು ಹೇಗೆ ಬರುತ್ತೆ?" ಎಂದಳು ತೆರಿಯಾಪಿ, ಫೋನಿಗೆ.

"ಕ್ಷಮಿಸಿ, ನಿಮ್ಮ ಮಾತು ಸರಿ. ಹದಿನಾರು ಬರುತ್ತವೆ."

ಅಜ್ಜಿ ಬಗ್ಗಿ, ಕಿವುಡರ ಹತ್ತಿರ ಮಾತಾಡುವಂತೆ ಕೂಗಿದರು. "ಹನ್ನೊಂದು ಅಂದ್ಯಲ್ಲ ಈಗ?"

"ಹೌದು, ಹನ್ನೊಂದೇ ಸರಿಯಾದ ಉತ್ತರ."

"ಅಯ್ಯೋ, ಇದೂ ನಿಮ್ಮ ತಾತನ ಹಂಗೇ. ಯಾರು ಗದರಿದ್ರೆ ಅವರಿಗೆ ಹೂಂ ಅನ್ನುತ್ತೆ."

"ಅದು ಎಣಿಸೋದೇ ಇಲ್ಲ ಅಜ್ಜಿ. ಜನ ಬರೆದಿದ್ದನ್ನೆಲ್ಲ ಓದ್ಕೊಂಡು, ಮುಂದೆ ಯಾವ ಮಾತು ಬಂದ್ರೆ ಹೊಂದುತ್ತೆ ಅಂತ ಊಹೆ ಮಾಡುತ್ತೆ. ಅದಕ್ಕೆ ಹನ್ನೊಂದು ಅನ್ನೋದೂ ಒಂದು ಮಾತು, ಅಷ್ಟೆ."

"ಹಂಗಾದ್ರೆ ಮದುವೆ ದಿನ ಭಾಷಣಕ್ಕೆ ನಿಲ್ಲಿಸು. ಬಟ್ಟೆ ಹತ್ರ ಬರೋದು ಬೇಡ."

ತೆರಿಯಾಪಿ ಹಳೆಯ ಪೇಪರೊಂದನ್ನು ಎಂಟಾಗಿ ಮಡಿಸಿದಳು. ನಡುಭಾಗದಲ್ಲಿ ಒಂದು ಇಡೀ ಹೂವು, ಮಡಿಕೆಯ ಅಂಚಿಗೆ ಒಂದು ಅರ್ಧ ಹೂವು ಬರೆದು ಕತ್ತರಿಸಿ ಬಿಡಿಸಿದಳು. ಅಜ್ಜಿ ಒಂದೊಂದು ಹೂವಿನ ಮೇಲೂ ಬೆರಳಿಟ್ಟು ಮೊಮ್ಮಕ್ಕಳ ಹೆಸರು ಹೇಳುತ್ತ ಹೋದರು. ಹೆಸರುಗಳು ಮುಗಿದವು, ಹೂವು ಒಂದು ಉಳಿಯಿತು. ಅರ್ಧ ಹೂವನ್ನು ಬಿಟ್ಟು ಇನ್ನೊಂದು ಪೇಪರ್ ಕತ್ತರಿಸಿದರೆ ಎಂಟೇ ಬಂದವು. ಅರ್ಧವನ್ನು ಮತ್ತೆ ಸೇರಿಸಿ ಮಧ್ಯದ ತುದಿಗೂ ಒಂದು ಬರೆದರೆ ಹದಿಮೂರು.

"ಹದಿಮೂರನೇದು ಯಾರಿಗೆ, ಟುಟಾಯ್ ಅಪ್ಪನಿಗಾ?" ಎಂದು ಅಜ್ಜಿ ಅದನ್ನು ಆಚೆ ತಳ್ಳಿದರು. ಚಾಪೆಯ ತುಂಬ ಪೇಪರು ಚೂರು. ಹನ್ನೊಂದು ಮಾತ್ರ ಬರಲೊಲ್ಲದು.

"ಹನ್ನೆರಡು ಮಾಡಿ, ಒಂದನ್ನ ಆಮೇಲೆ ಕತ್ತರಿಸಿ ತೆಗೆಯೋಣ್ವಾ?" ಎಂದು ಕೇಳಿ ತೆರಿಯಾಪಿ ಪೇಪರ್ ಚೂರು ಆರಿಸತೊಡಗಿದಳು.

ಅಜ್ಜಿ ಮೊದಲ ಪೇಪರನ್ನು ಎಳೆದುಕೊಂಡು ಹೆಚ್ಚಿನ ಹೂವನ್ನು ಅಂಗೈಯಿಂದ ಮುಚ್ಚಿದರು. ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಕೈ ತೆಗೆದರು. ಮತ್ತೆ ಮುಚ್ಚಿದರು.

"ಮೌಕೆಯವರು ಬೋಡು ಹೊದಿಕೆ ಕೊಟ್ರು ಅಂತ ಆಟಿಯುನಲ್ಲಿ ಆಡ್ಕೊಂಡು ನಗಲಿ ಅಂತಲಾ?" ಎಂದರು ಕೊನೆಗೆ. "ಇರ್ಲಿ ಬಿಡು, ಹನ್ನೆರಡೇ ಇರ್ಲಿ, ಆ ಒಂದು ನಿನ್ನ ಟುಟಾಯ್‌ಗೆ. ಆದ್ರೆ ಅವನ ಹೂವು ಕಾಲ ಕಡೆಗಿರ್ಬೇಕು. ಈಗ್ಲೇ ಹೇಳಿರ್ತೀನಿ."

ಬಟ್ಟೆಯನ್ನು ತೆರಿಯಾಪಿಯೇ ಕತ್ತರಿಸಿದಳು. ಇಬ್ಬರೂ ಎದುರುಬದುರು ನಿಂತು ಪದರ ಪದರವಾಗಿ ಬಿಡಿಸಿ ಬಿಳಿಯ ಮೇಲೆ ಹಾಸಿದರು. ಸೂಜಿಗೆ ದಾರ ಪೋಣಿಸಿಕೊಂಡ ಅಜ್ಜಿ ಕಾಲ ಕಡೆ ಯಾವುದೆಂದು ಹುಡುಕುತ್ತ ಹೊದಿಕೆಗೆ ಒಂದು ಸುತ್ತು ಬಂದರು, ನಿಂತು ನೋಡಿ ಇನ್ನೊಂದು ಸುತ್ತು ಹೊರಟರು. ನಾಲ್ಕೂ ಬದಿ ಒಂದೇ ಥರ; ಅವರು ಹೋಗಿ ನಿಂತ ಬದಿಯೆಲ್ಲ ತಲೆಯ ಕಡೆಯೇ ಆಗುತ್ತಿತ್ತು.